ಹತ್ತು ನಿಮಿಷಕ್ಕೆ ಐವತ್ತೆರಡು

ಮೊದಲ ರಾತ್ರಿ ನಾನು ಸುಲಿದ ಅಡಿಕೆಯನ್ನು ಆಯಿ ಬೇರೆಯೇ ಮೊರಕ್ಕೆ ತೆಗೆದಿಟ್ಟಳು. “ಇದು ಬ್ಯಾರೆ ಇರ್ಲಿ, ಎಲ್ಲದರ ಸಂತಿಗೆ ಸೇರ್ಸಡಿ” ಎಂದು ಅಪ್ಪಯ್ಯನಿಗೆ ಮೆಲ್ಲಗೆ ಹೇಳಿದಳು. ನನಗೆ ಕೇಳಿಸಬಾರದು ಅಂತಲೇ ಮೆಲ್ಲಗೆ ಹೇಳಿದ್ದು, ಆದರೂ ಕೇಳಿಸಿತು. ಎರಡು ತಾಸು ಕೂತು ಸುಲಿದದ್ದು ನೂರೈವತ್ತು ಅಡಿಕೆಯೂ ಇರಲಿಲ್ಲ. ಅರ್ಧಕ್ಕರ್ಧಕ್ಕೆ ಕತ್ತಿಯ ಗಾಯ, ಕೆಲವು ಎರಡು ಹೋಳು, ಇನ್ನು ಕೆಲವಕ್ಕೆ ಸಿಪ್ಪೆಯ ಜುಂಗು ಅಂಟಿಕೊಂಡೇ ಇತ್ತು. ಮೊರದ ಪಕ್ಕದಲ್ಲಿ ಉಳಿದವರು ಸುಲಿದ ರಾಶಿ. ಒಂದೇ ತೋಟದ, ಒಂದೇ ದಿನ ಕೊಯ್ದ ಅಡಿಕೆ ಎಂದರೆ ಯಾರೂ ನಂಬುವ ಹಾಗಿರಲಿಲ್ಲ.

ಅಡಿಕೆ ತೋಟದ ಮನೆಯಲ್ಲೇ ಹುಟ್ಟಿ ಬೆಳೆದವನಿಗೆ ಅಡಿಕೆ ಸುಲಿಯಲು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಶಿರಸಿ–ಸಿದ್ದಾಪುರದ ಕಡೆಯ ಬಹಳ ಮನೆಗಳಲ್ಲಿ ನನ್ನ ವಯಸ್ಸಿನವರ ಕಥೆ ಇದೇ. ಕತ್ತಿಯ ಹತ್ತಿರ ಹೋದರೆ “ಓದ್ಕ ಹೋಗು” ಎಂದು ಎಬ್ಬಿಸುತ್ತಿದ್ದರು. ಓದಿಕೊಂಡೆ, ಬೆಂಗಳೂರಿಗೆ ಹೋದೆ, ಹದಿನಾಲ್ಕು ವರ್ಷ ಕಂಪ್ಯೂಟರ್ ಮುಂದೆ ಕೂತೆ. 2020ರ ಮಳೆಗಾಲದ ಮುಂಚೆ ಮೂರು ತಿಂಗಳಿಗೆಂದು ಊರಿಗೆ ಬಂದವನು ಹಾಗೇ ಉಳಿದುಕೊಂಡೆ. ಆ ವರ್ಷ ಕೊಯ್ಲಿನ ಹೊತ್ತಿಗೆ ಸರಿಯಾಗಿ ಜನ ಸಿಗಲಿಲ್ಲ. ಮನೆಯಲ್ಲಿ ಒಂದು ಜೋಡಿ ಕೈ ಖಾಲಿ ಇತ್ತು. ಅಪ್ಪಯ್ಯ ಅಟ್ಟದಿಂದ ಒಂದು ಹಳೆಯ ಮೆಟ್ಟುಗತ್ತಿ ಇಳಿಸಿ ಧೂಳು ಒರೆಸಿಕೊಟ್ಟ. ಆಗ ನನಗೆ ಮೂವತ್ತೆಂಟು.

ಕೆಂಪಡಿಕೆ ಮಾಡುವ ಮನೆಯಲ್ಲಿ ಸುಲಿತಕ್ಕೆ ಒಂದು ಅವಸರ ಇರುತ್ತದೆ. ಚಾಲಿಯಾದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ತಿಂಗಳ ಮೇಲೆ ಬಿಸಿಲಿಗೆ ಒಣಗಿಸಿ, ಬೇಕಾದಾಗ ಸುಲಿದರಾಯಿತು. ಕೆಂಪಿಗೆ ಬೇಕಾದದ್ದು ಇನ್ನೂ ಹಸಿರಿರುವ, ಆದರೆ ಒಳಗೆ ಬಲಿತ ಕಾಯಿ. ಕೊನೆಗೌಡ, ಅಂದರೆ ಮರ ಹತ್ತಿ ಕೊಯ್ಯುವವ, ಹಗಲಿಡೀ ಮರದಿಂದ ಮರಕ್ಕೆ ದಾಟುತ್ತಾ ಅಡಿಕೆಯ ಗೊನೆ ಇಳಿಸುತ್ತಾನೆ, ಸಂಜೆಗೆ ಅಂಗಳದಲ್ಲಿ ರಾಶಿ ಬೀಳುತ್ತದೆ, ಅದನ್ನು ರಾತ್ರಿಯೇ ಸುಲಿದರೆ ಬೆಳಿಗ್ಗೆ ಹಂಡೆಯಲ್ಲಿ ತೊಗರಿನ (ಅಡಿಕೆ ಬೇಯಿಸಿ ಉಳಿದ ಕೆಂಪು ರಸದ) ಜೊತೆ ಬೇಯಿಸಬಹುದು. ಬಿಟ್ಟರೆ ಹಾಳು, ಮತ್ತೆ ಮರುದಿನದ ರಾಶಿ ಅದರ ಮೇಲೆ. ಹಾಗಾಗಿ ನವೆಂಬರಿನಿಂದ ಜನವರಿವರೆಗೆ ನಮ್ಮ ಕಡೆ ರಾತ್ರಿ ಏಳರಿಂದ ಹನ್ನೊಂದರವರೆಗೆ ಒಬ್ಬರ ಮನೆಯ ಜಗಲಿಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ನಡುವೆ ಒಂದು ಸುತ್ತು ಚಾ, ಹತ್ತು ಗಂಟೆಗೆ ಕಷಾಯ.

ಮೆಟ್ಟುಗತ್ತಿ ನೋಡದವರಿಗೆ ಹೇಳುವುದಾದರೆ, ಒಂದು ಹಲಗೆ, ಅದರ ತುದಿಯಲ್ಲಿ ನೆಟ್ಟಗೆ ನಿಂತ ಬಾಗಿದ ಕತ್ತಿ. ಹಲಗೆಯನ್ನು ಕಾಲಿನಿಂದ ಮೆಟ್ಟಿ ಕೂರಬೇಕು. ಕತ್ತಿ ಅಲ್ಲಾಡುವುದಿಲ್ಲ, ಅಲ್ಲಾಡುವುದು ಅಡಿಕೆ. ತೊಟ್ಟಿನ ಕಡೆಯನ್ನು ಕತ್ತಿಗೆ ಒತ್ತಿ, ಸಿಪ್ಪೆಯನ್ನು ಸೀಳಿ, ತಿರುಚಿ, ಇನ್ನೊಂದು ಸಲ ಒತ್ತಿದರೆ ಒಳಗಿನ ಅಡಿಕೆ ಟಪ್ಪೆಂದು ಬುಟ್ಟಿಗೆ ಬೀಳಬೇಕು. ಇಡೀ ವಿದ್ಯೆ ಇರುವುದು ಮೊದಲ ಒತ್ತಿನಲ್ಲಿ. ಕತ್ತಿ ಸಿಪ್ಪೆಯನ್ನು ಪೂರ್ತಿ ಸೀಳಬೇಕು, ಅಡಿಕೆಯನ್ನು ಮುಟ್ಟಬಾರದು. ಹಸಿ ಸಿಪ್ಪೆ ಮೆತ್ತಗೆ, ಬಲಿತ ಅಡಿಕೆ ಗಟ್ಟಿ. ಆ ಮೆತ್ತಗಿನದು ಮುಗಿದು ಗಟ್ಟಿ ಶುರುವಾಗುವ ಜಾಗದಲ್ಲಿ ಕೈ ತಾನಾಗಿ ನಿಲ್ಲಬೇಕು. ನನ್ನ ಕೈ ನಿಲ್ಲುತ್ತಿರಲಿಲ್ಲ. ಹೆದರಿ ಮೊದಲೇ ನಿಲ್ಲುತ್ತಿತ್ತು, ಇಲ್ಲವೇ ಅಡಿಕೆಯ ಒಳಗೇ ಇಳಿಯುತ್ತಿತ್ತು. ಗಾಯವಾದ ಅಡಿಕೆ ಬೇಯಿಸಿ ಒಣಗಿಸಿದ ಮೇಲೂ ಗಾಯ ತೋರಿಸುತ್ತಲೇ ಇರುತ್ತದೆ. ವ್ಯಾಪಾರದ ಹೊತ್ತಿಗೆ ಬೆರಳು ಮೊದಲು ಹೋಗುವುದೇ ಅಂಥದ್ದರ ಮೇಲೆ.

ನಮ್ಮ ಮನೆಗೆ ಸುಲಿಯಲು ಬರುತ್ತಿದ್ದವರಲ್ಲಿ ಅಕ್ಕ–ತಂಗಿ ಇಬ್ಬರಿದ್ದರು. ಹೆಸರು ಬೇಡ, ಅಕ್ಕ, ತಂಗಿ ಎಂದೇ ಕರೆಯುತ್ತೇನೆ. ಅಕ್ಕನಿಗೆ ಐವತ್ತರ ಆಸುಪಾಸು, ತಂಗಿ ಎರಡು ವರ್ಷಕ್ಕೆ ಚಿಕ್ಕವಳು. ಇಬ್ಬರೂ ಕಲಿತದ್ದು ಒಬ್ಬಳೇ ತಾಯಿಯ ಹತ್ತಿರ, ಒಂದೇ ಕತ್ತಿಯ ಮೇಲೆ ಸರದಿಯಲ್ಲಿ, ಏಳೆಂಟು ವರ್ಷದವರಿದ್ದಾಗ. ಮದುವೆಯಾಗಿದ್ದೂ ಒಂದೇ ಕೇರಿಗೆ. ಅಂದರೆ ಇಬ್ಬರಿಗೂ ನಲವತ್ತು ಸುಗ್ಗಿ, ಅದೇ ಊರಿನ ಅದೇ ಜಾತಿಯ ಅಡಿಕೆ. ಪರಿಶ್ರಮ ದೊಡ್ಡದೋ ಪ್ರತಿಭೆ ದೊಡ್ಡದೋ ಎಂದು ಯಾರಾದರೂ ಪ್ರಯೋಗ ಮಾಡಬೇಕಿದ್ದರೂ ಇದಕ್ಕಿಂತ ಒಳ್ಳೆಯ ಜೋಡಿ ಸಿಗುತ್ತಿರಲಿಲ್ಲ.

ಕಂಪ್ಯೂಟರ್ ಕೆಲಸದವನ ಚಟ, ನಾನು ಎಣಿಸಲು ಶುರುಮಾಡಿದೆ. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಗಂಟೆ ಇಟ್ಟು, ಯಾರಿಗೂ ಹೇಳದೆ. ತಂಗಿ: ನೂರು, ಒಮ್ಮೊಮ್ಮೆ ನೂರಾನಾಲ್ಕು. ಅಕ್ಕ: ಎಪ್ಪತ್ತು. ನಾನು: ಹನ್ನೆರಡು. ನಮ್ಮಲ್ಲಿ ಸುಲಿತದ ಕೂಲಿ ಡಬ್ಬಿ ಲೆಕ್ಕ. ಎಣ್ಣೆಯ ಹಳೆಯ ತಗಡಿನ ಡಬ್ಬಿ ತುಂಬಿದರೆ ಇಷ್ಟು ಎಂದು. ನಾಲ್ಕು ತಾಸಿನಲ್ಲಿ ತಂಗಿ ಎರಡು ಡಬ್ಬಿ ದಾಟಿಸುತ್ತಿದ್ದಳು, ಅಕ್ಕ ಒಂದೂವರೆ. ನನ್ನದನ್ನು ಡಬ್ಬಿಯಲ್ಲಿ ಹೇಳುವ ಮರ್ಯಾದೆ ಇರಲಿಲ್ಲ.

ಮೊದಲ ಹದಿನೈದು ದಿನ ನಾನು ಮಾಡಿದ ತಪ್ಪೆಂದರೆ ತಂಗಿಯನ್ನು ನೋಡಿ ಕಲಿಯಲು ಹೋದದ್ದು. ಅವಳು ಬೇಗ, ನಾನೂ ಬೇಗ. ಹದಿನಾರನೆಯ ದಿನ ಕತ್ತಿ ಹೆಬ್ಬೆರಳಿಗೆ ಇಳಿಯಿತು. ನೋವಿಗಿಂತ ಮೊದಲು ಕಂಡದ್ದು ಹಸಿರು ಸಿಪ್ಪೆಯ ಮೇಲೆ ಕೆಂಪು. ಆಯಿ “ಕೈ ಕೊಯ್ಕಂಡ್ಯ?” ಎಂದು ಕೇಳುವಷ್ಟರಲ್ಲಿ ಅಕ್ಕ ತನ್ನ ಸೆರಗಿನ ತುದಿ ಹರಿದು ಸುತ್ತಿಯಾಗಿತ್ತು. ರಾತ್ರಿಯೇ ಶಿರಸಿಗೆ ಹೋಗಿ ಎರಡು ಹೊಲಿಗೆ. ಹೊಲಿಗೆ ಹಾಕಿದವರು ನನ್ನ ಬೆರಳ ತುದಿಗಳನ್ನು ನೋಡಿ, ಅಡಿಕೆ ಕಲೆ ಇನ್ನೂ ಹಿಡಿದಿಲ್ಲ, ಹೊಸಬರಾ ಎಂದು ಕೇಳಿದರು. ನಮ್ಮ ಕಡೆ ಅದು ಒಂದು ಗುರುತು. ಹಸಿ ಅಡಿಕೆಯ ಚೊಗರು ಉಗುರಿನ ಸಂದಿಗೆ ಇಳಿದು ಕಪ್ಪಾಗುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಮರಳಿ ಕೂತ ದಿನ ಅಕ್ಕ ತನ್ನ ಮಣೆಯನ್ನು ನನ್ನ ಎದುರಿಗೆ ಎಳೆದುಕೊಂಡಳು. ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ತೊಡಿಸಿದಳು. “ತಮ್ಮಾ, ಅವಳನ್ನ ನೋಡ್ಬೇಡಿ. ಅವಳು ಎಂತ ಮಾಡ್ತಾಳೆ ಅಂತ ಅವಳಿಗೇ ಗೊತ್ತಿಲ್ಲ. ನನ್ನ ನೋಡಿ.” ಇದು ನಿಜವಾಗಿತ್ತು. ತಂಗಿಯನ್ನು ನಾನು ಒಂದೆರಡು ಸಲ ಕೇಳಿದ್ದೆ, ಹೇಗೆ ಅಂತ. “ಹಿಂಗೆ” ಎಂದು ಒಂದು ಸುಲಿದು ತೋರಿಸಿದ್ದಳು. ಅರ್ಥವಾಗಲಿಲ್ಲ ಎಂದರೆ “ಹಿಂಗೇ ಹೆಗಡೇರೆ” ಎಂದು ಇನ್ನೊಂದು. ಅಕ್ಕನಿಗೆ ಮಾತ್ರ ಪ್ರತಿಯೊಂದಕ್ಕೂ ಮಾತಿತ್ತು. ಮೊಣಕೈ ಮೈಗೆ ತಾಗಿರಲಿ. ಒತ್ತುವುದು ಬೆರಳಲ್ಲ, ಅಂಗೈಯ ಬುಡ. ತೊಟ್ಟು ದಪ್ಪ ಇದ್ದರೆ ಕತ್ತಿಯ ತುದಿ, ತೆಳು ಇದ್ದರೆ ಹೊಟ್ಟೆ. ಅಡಿಕೆ ಉರುಟಾಗಿದ್ದರೆ ಸಿಪ್ಪೆ ತೆಳು, ಉದ್ದ ಇದ್ದರೆ ದಪ್ಪ, ಕೈಗೆ ಬಂದ ಕೂಡಲೇ ಅಂದಾಜು ಆಗಬೇಕು. ತಾನು ಎಡವಿ ಕಲಿತ ಪ್ರತಿಯೊಂದು ಜಾಗವೂ ಅವಳಿಗೆ ನೆನಪಿತ್ತು. ಡಿಸೆಂಬರ್ ಮುಗಿಯುವ ಹೊತ್ತಿಗೆ ಮೂವತ್ತೊಂದಕ್ಕೆ ಬಂದೆ. ಆಯಿ ಬೇರೆ ಮೊರ ಇಡುವುದನ್ನು ಬಿಟ್ಟಳು. ಅಪ್ಪಯ್ಯ ನನ್ನ ಬುಟ್ಟಿಯಲ್ಲಿ ಕೈಯಾಡಿಸಿ “ಅಡ್ಡಿಲ್ಲೆ” ಎಂದ. ನಮ್ಮವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿದ್ದಿಲ್ಲ.

ಸುಲಿತದ ಜಗಲಿಯಲ್ಲಿ ಬಾಯಿ ಖಾಲಿ ಇರುವುದಿಲ್ಲ. ಒಂದು ರಾತ್ರಿ ಮಾತು ಯಕ್ಷಗಾನಕ್ಕೆ ಹೋಯಿತು, ಹೋಗದೇ ಇದ್ದರೆ ಆಶ್ಚರ್ಯ. ಪಕ್ಕದ ಮನೆಯ ಭಾವ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಅಭಿಮಾನಿ. ಎರಡನೇ ಇಯತ್ತೆವರೆಗೆ ಓದಿದ ಮನುಷ್ಯ, ಕೀಚಕನೋ ಭಸ್ಮಾಸುರನೋ ರಂಗಕ್ಕೆ ಬಂದರೆ ಜನ ಎದ್ದು ಕೂರುತ್ತಿದ್ದರು, 2012ರಲ್ಲಿ ಪದ್ಮಶ್ರೀ ಮನೆ ಬಾಗಿಲಿಗೆ ಬಂತು, ಎಂಬತ್ತು ದಾಟಿದ ಮೇಲೂ ಕುಣಿದರು, ಇದು ಯಾವ ಶಾಲೆಯಲ್ಲಿ ಕಲಿಸುತ್ತಾರೆ ಹೇಳು ಎಂದು ಅವನ ವಾದ. ಅಪ್ಪಯ್ಯನದು ಕೆರೆಮನೆ ಮೇಳದ ಕಡೆ. ಶಂಭು ಹೆಗಡೆಯವರಿಗೆ ರಕ್ತದಲ್ಲೇ ಇತ್ತಲ್ಲ, ಶಿವರಾಮ ಹೆಗಡೆಯವರ ಮಗ. ಆದರೂ ದಿಲ್ಲಿಗೆ ಹೋಗಿ ನೃತ್ಯಗುರು ಮಾಯಾ ರಾವ್ ಅವರ ಹತ್ತಿರ ಯಾಕೆ ಕಲಿತರು? ಬಂದು ಗುಣವಂತೆಯಲ್ಲಿ ಯಕ್ಷಗಾನ ಕಲಿಸಲು ಶ್ರೀಮಯ ಕಲಾಕೇಂದ್ರ ಯಾಕೆ ಕಟ್ಟಿದರು? ಹುಟ್ಟಿನಿಂದ ಬರುವುದಾದರೆ ಕಲಿಸುವುದು ಎಂತಕ್ಕೆ? ಭಾವ ಬಿಡಲಿಲ್ಲ. ಹಿಂದೆಲ್ಲ ಮೇಳಕ್ಕೆ ಸೇರಿದ ಹುಡುಗ ಕೋಡಂಗಿ ಕುಣಿದು, ಬಾಲಗೋಪಾಲ ಕುಣಿದು, ಸ್ತ್ರೀವೇಷ ಮಾಡಿ, ಆಮೇಲೆ ಪುರುಷವೇಷಕ್ಕೆ ಬರುತ್ತಿದ್ದ. ಎಲ್ಲರೂ ಅದೇ ಏಣಿ ಹತ್ತಿದವರು, ಚಿಟ್ಟಾಣಿ ಒಬ್ಬರೇ ಯಾಕಾದರು ಎಂದು. ಹಾಗೆಂದರೆ ಚಿಟ್ಟಾಣಿಯೂ ಕಲಿತೇ ಬಂದವರು, ತಾನು ಎದುರಾಳಿಯ ವಾದವನ್ನೇ ಮಾಡುತ್ತಿದ್ದೇನೆ ಎಂದು ಅವನಿಗೆ ಅರ್ಧ ದಾರಿಯಲ್ಲಿ ಹೊಳೆದಿರಬೇಕು, ಚಾ ಕೇಳಿದ.

ನಾನು ನೋಡುತ್ತಿದ್ದದ್ದು ಬೇರೆ. ವಾದ ಏರಿದ ಹಾಗೆ ಅಪ್ಪಯ್ಯನ ಕೈ ನಿಧಾನವಾಯಿತು, ಭಾವನ ಕೈ ನಿಂತೇ ಹೋಯಿತು. ಅಕ್ಕ ನಗುವಾಗ ಒಂದು ಅಡಿಕೆ ತಪ್ಪಿಸುತ್ತಿದ್ದಳು. ತಂಗಿ ತಲೆಯೆತ್ತಿ, ಭಾವನ ಮುಖ ನೋಡುತ್ತಾ, ನಡುನಡುವೆ ಅವನನ್ನು ಛೇಡಿಸುತ್ತಾ ಸುಲಿಯುತ್ತಲೇ ಇದ್ದಳು. ಕಣ್ಣು ಕತ್ತಿಯ ಮೇಲೆ ಇರಲಿಲ್ಲ. ಆ ಹತ್ತು ನಿಮಿಷವನ್ನೂ ಎಣಿಸಿದೆ. ತೊಂಬತ್ತೊಂಬತ್ತು.

ಆಮೇಲೆ ಅವಳನ್ನು ಕೇಳಿಯೇ ಮೊಬೈಲಿನಲ್ಲಿ ವಿಡಿಯೋ ಮಾಡಿದೆ, ನಿಧಾನ ಚಲನೆಯಲ್ಲಿ. ಮೂರು ದಿನ ಅದನ್ನೇ ನೋಡಿದೆ. ಕತ್ತಿಯ ಹತ್ತಿರ ಅಕ್ಕನಿಗೂ ತಂಗಿಗೂ ಅಂಥ ವ್ಯತ್ಯಾಸವೇ ಇರಲಿಲ್ಲ! ಅದೇ ಒತ್ತು, ಅದೇ ತಿರುಚು. ವ್ಯತ್ಯಾಸ ಇದ್ದದ್ದು ಕತ್ತಿಗೆ ಬರುವ ಮುಂಚೆ. ಬುಟ್ಟಿಯಿಂದ ಎತ್ತುವಾಗ ಅಡಿಕೆ ಹೇಗೆಂದರೆ ಹಾಗೆ ಕೈಗೆ ಬರುತ್ತದೆ, ತೊಟ್ಟು ಮೇಲೋ ಕೆಳಗೋ ಅಡ್ಡವೋ. ನಾನು ಕತ್ತಿಯವರೆಗೆ ತಂದು, ನೋಡಿ, ತಿರುಗಿಸಿ, ಒತ್ತುತ್ತಿದ್ದೆ. ಅಕ್ಕ ಕತ್ತಿಯ ಮುಂದೆ ಬರುವಾಗ ಬೆರಳಲ್ಲೇ ತಿರುಗಿಸುತ್ತಿದ್ದಳು. ತಂಗಿಯ ಬೆರಳು ಬುಟ್ಟಿಯ ಒಳಗೇ ತೊಟ್ಟನ್ನು ಹುಡುಕಿ ಮುಗಿಸಿರುತ್ತಿತ್ತು. ಎತ್ತುವ ಹೊತ್ತಿಗೆ ಅಡಿಕೆ ಮುಖ ಮಾಡಿಕೊಂಡೇ ಬರುತ್ತಿತ್ತು. ಒಂದು ಅಡಿಕೆಗೆ ಎರಡು ಸೆಕೆಂಡಿನ ಮೇಲೆ ಉಳಿತಾಯ ಅಲ್ಲೇ. ವಿಡಿಯೋ ತೋರಿಸಿದಾಗ ತಂಗಿ ಬಿದ್ದು ಬಿದ್ದು ನಕ್ಕಳು. “ಹೌದಾ? ನಾನು ಹಂಗೆ ಮಾಡ್ತ್ನಾ?” ಅಕ್ಕ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ನೋಡಿದಳು, ಏನೂ ಹೇಳಲಿಲ್ಲ.

ಗೊತ್ತಾಯಿತಲ್ಲ, ಇನ್ನೇನು, ಎಂದುಕೊಂಡೆ. ಕತ್ತಿಯಿಲ್ಲದೆ, ಕಣ್ಣುಮುಚ್ಚಿ, ಒಂದು ಚೀಲದಲ್ಲಿ ಅಡಿಕೆ ಹಾಕಿಕೊಂಡು ಬರೀ ತೊಟ್ಟು ಹುಡುಕುವ ಅಭ್ಯಾಸ ಮಾಡಿದೆ. ಊಟವಾದ ಮೇಲೆ ಅರ್ಧ ತಾಸು, ಬೆಳಿಗ್ಗೆ ಅರ್ಧ ತಾಸು. ಮಗಳು ಅಪ್ಪನಿಗೆ ಏನೋ ಆಗಿದೆ ಎಂದು ಅಜ್ಜಿಗೆ ವರದಿ ಒಪ್ಪಿಸಿದಳು. ಎರಡನೇ ಸುಗ್ಗಿಯ ಶುರುವಿಗೆ ಎಣಿಸಿದಾಗ ನಲವತ್ತನಾಲ್ಕು! ಆ ಸಂತೋಷ ಸಂಬಳ ಹೆಚ್ಚಾದಾಗಲೂ ಆಗಿರಲಿಲ್ಲ. ಆದರೆ ಬೆರಳು ಹುಡುಕುತ್ತಿತ್ತು, ಹುಡುಕುತ್ತಿದೆ ಎಂದು ನನಗೆ ಗೊತ್ತಾಗುತ್ತಲೇ ಇತ್ತು. ಭಾವನ ಜೊತೆ ಮಾತಿಗೆ ಕೂತರೆ ಮೂವತ್ತಕ್ಕೆ ಇಳಿಯುತ್ತಿತ್ತು.

ಮಳೆಗಾಲದಲ್ಲಿ ನಮ್ಮಲ್ಲಿ ಮೂರು ತಿಂಗಳು ಮನೆಯೊಳಗೇ ಜೀವನ. ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಒಟ್ಟಿಗೆ ಇದ್ದ ಅಪರೂಪದ ದಿನಗಳಲ್ಲಿ ಈ ವಿಷಯದ ಬಗ್ಗೆ ಓದಿದೆ. ಹತ್ತು ಸಾವಿರ ತಾಸು ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಪಂಡಿತರಾಗುತ್ತಾರೆ ಎಂಬ ಮಾತು ಬೆಂಗಳೂರಿನ ಆಫೀಸಿನಲ್ಲಿ ನಾನು ಎಷ್ಟೋ ಸಲ ಕೇಳಿದ್ದೆ. ಅದರ ಮೂಲ 1993ರಲ್ಲಿ ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ. ಹತ್ತು ಸಾವಿರ ಎಂಬುದು ಅಲ್ಲಿನ ಅತ್ಯುತ್ತಮರು ಇಪ್ಪತ್ತು ವರ್ಷದ ಹೊತ್ತಿಗೆ ಮಾಡಿದ್ದ ಅಭ್ಯಾಸದ ಸರಾಸರಿ, ಗೆರೆ ದಾಟಿದರೆ ಬಾಗಿಲು ತೆರೆಯುತ್ತದೆ ಎಂಬ ಲೆಕ್ಕ ಅಲ್ಲ. ಎರಿಕ್ಸನ್ ಅವರೇ ಆಮೇಲೆ ಆ ಅರ್ಥವನ್ನು ಒಪ್ಪಲಿಲ್ಲ. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಇನ್ನಿಬ್ಬರು ಇಂಥ ಹತ್ತಾರು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರು. ಜನರ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದಿಂದ ವಿವರಿಸಬಹುದಾದ ಪಾಲು ಚದುರಂಗದಂಥ ಆಟಗಳಲ್ಲಿ ಶೇ. 26, ಸಂಗೀತದಲ್ಲಿ ಶೇ. 21, ಕ್ರೀಡೆಯಲ್ಲಿ ಶೇ. 18. ಉಳಿದದ್ದು ಬೇರೆ ಏನೇನೋ.

ನನ್ನ ಕೆಲಸಕ್ಕೆ ಹತ್ತಿರದ್ದು ಇನ್ನೂ ಹಳೆಯದು, 1959ರದು. ಕ್ರಾಸ್‌ಮನ್ ಎಂಬವರು ಸಿಗಾರ್ ತಯಾರಿಸುವ ಕೆಲಸಗಾರರ ವೇಗವನ್ನು ಅಳೆದಿದ್ದರು. ಲಕ್ಷಗಟ್ಟಲೆ ಸಿಗಾರ್ ಮಾಡಿದ ಮೇಲೂ ಕೈ ಚುರುಕಾಗುತ್ತಲೇ ಹೋಗುತ್ತಿತ್ತು, ಆದರೆ ಪ್ರತಿ ಸಲ ಹೆಚ್ಚುವುದು ಹಿಂದಿನ ಸಲಕ್ಕಿಂತ ಕಡಿಮೆ. ನನ್ನ ನೋಟ್‌ಬುಕ್ಕಿನ ಗೆರೆಯೂ ಥೇಟ್ ಹಾಗೇ ಇತ್ತು. ಶುರುವಿಗೆ ನಿಟಾರನೆ ಹತ್ತಿ, ಆಮೇಲೆ ಮಲಗುತ್ತಾ ಹೋದದ್ದು.

ಆ ಗೆರೆಯನ್ನೇ ನೋಡುತ್ತಾ ಒಂದು ಸಂಜೆ ಹೊಳೆದದ್ದು ಇದು. ಸುಲಿತಕ್ಕೆ ಬಂದ ಹೊಸಬರು ಅಕ್ಕ–ತಂಗಿಯನ್ನು ನೋಡಿ ಹೇಳುವುದೆಲ್ಲ ಎಪ್ಪತ್ತರಿಂದ ನೂರರವರೆಗಿನ ಮೂವತ್ತರ ಬಗ್ಗೆ. ‘ತಂಗಿಯ ಕೈ ಹುಟ್ಟಿನಿಂದ ಬಂದದ್ದು’ ಅಂತ. ಸರಿ, ನಾನೂ ಒಪ್ಪುತ್ತೇನೆ. ಆದರೆ ಹನ್ನೆರಡರಿಂದ ಎಪ್ಪತ್ತರವರೆಗಿನ ಐವತ್ತೆಂಟು ಇದೆಯಲ್ಲ, ಅದನ್ನು ಇಬ್ಬರೂ ಒಂದೇ ಮಣೆಯ ಮೇಲೆ ಕೂತು, ಬೆರಳು ಕೊಯ್ದುಕೊಂಡು ಹತ್ತಿದ್ದು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಯಾಕೆಂದರೆ ಅದು ಇಬ್ಬರಲ್ಲೂ ಇದೆ. ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಎಲ್ಲ ಕಡೆ ‘ಕಾಡಿನ ವಿಶ್ವಕೋಶ’ ಎಂದು ಬಂತು. ಓದಿದರೆ ಆ ಜ್ಞಾನ ಎಲ್ಲಿಂದಲೋ ಇಳಿದು ಬಂದ ಹಾಗೆ ಅನಿಸುತ್ತದೆ. ಚಿಕ್ಕಂದಿನಲ್ಲೇ ತಾಯಿಯ ಜೊತೆ ನರ್ಸರಿಗೆ ದಿನಗೂಲಿಗೆ ಹೋಗಿ, ಬೀಜ ಆರಿಸಿ, ಸಸಿ ಎಬ್ಬಿಸಿ ಕಳೆದ ದಶಕಗಳು ಬಿರುದಿನ ಕೆಳಗೆ ಮುಚ್ಚಿಹೋದವು. ನಮ್ಮ ಅಡಿಕೆಯದೂ ಅದೇ ಕಥೆ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತು ಸಿಕ್ಕಿತು, ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಗೆ. ಮಣ್ಣಿನ ಹುಟ್ಟುಗುಣಕ್ಕೆ ಸರ್ಕಾರದ ಪತ್ರ. ಸುಲಿದ ಕೈಗೆ ಡಬ್ಬಿ ಲೆಕ್ಕ.

ಇಲ್ಲಿಗೆ ನಿಲ್ಲಿಸಿದರೆ ಪರಿಶ್ರಮದ ಪಕ್ಷ ಗೆದ್ದ ಹಾಗೆ ಕಾಣುತ್ತದೆ. ಆದರೆ ಎರಡನೇ ಸುಗ್ಗಿಯ ಕೂಲಿ ಪುಸ್ತಕ ನಾನೇ ಬರೆದದ್ದು, ಅದನ್ನು ಮುಚ್ಚಿಡಲು ಆಗುವುದಿಲ್ಲ. ತಂಗಿ ಮನಸ್ಸು ಬಂದರೆ ಬರುವವಳು. ಯಕ್ಷಗಾನದ ಆಟ ಇದ್ದರೆ ರಜೆ, ಜಾತ್ರೆ ಇದ್ದರೆ ರಜೆ, ನೆಂಟರು ಬಂದರೆ ರಜೆ, ಮಳೆ ಮೋಡ ಕಂಡರೂ ರಜೆ. ಅಕ್ಕ ಜ್ವರ ಬಂದ ದಿನವೂ ಬಂದಳು. ನಲವತ್ತು ರಾತ್ರಿಯ ಸುಲಿತದಲ್ಲಿ ಅಕ್ಕ ನಲವತ್ತೂ ರಾತ್ರಿ, ತಂಗಿ ಮೂವತ್ತೊಂದು. ಕೊನೆಯ ದಿನ ಕೂಡಿಸುವಾಗ ಆಮೆ–ಮೊಲದ ಕಥೆ ಓದಿ ಬೆಳೆದ ನಾನು ಅಕ್ಕನ ಒಟ್ಟು ಮೇಲಿರುತ್ತದೆ ಎಂದೇ ಕಾದಿದ್ದೆ. ಅಕ್ಕ ಅರವತ್ತು ಡಬ್ಬಿ. ತಂಗಿ ಅರವತ್ತೇಳು. ಮತ್ತೊಮ್ಮೆ ಕೂಡಿಸಿದೆ. ಅಷ್ಟೇ ಬಂತು.

ಗಾಯದ ಅಡಿಕೆಯಾದರೂ ತಂಗಿಯದು ಹೆಚ್ಚಿರಬಹುದೇ ಎಂದು ಹುಡುಕಿದೆ. ನಾಚಿಕೆಯ ವಿಷಯ, ಆದರೆ ಹುಡುಕಿದೆ. ಅವಳ ಡಬ್ಬಿಯಲ್ಲೂ ಒಂದೋ ಎರಡೋ, ಅಕ್ಕನದರಲ್ಲೂ ಒಂದೋ ಎರಡೋ.

ದುಡ್ಡು ಕೊಡುವ ದಿನ ಅಕ್ಕ ತನ್ನದನ್ನು ಎಣಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ತಂಗಿ ಆಗಲೇ ಅಂಗಳ ದಾಟಿದ್ದಳು. “ಬೇಜಾರಾಗ್ತದಾ ಅಕ್ಕಾ?” ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ.

“ಎಂತಕ್ಕೆ?”

“ಇಷ್ಟು ದಿನ ತಪ್ಪಿಸಿಯೂ ಅವಳೇ ಮುಂದೆ.”

ಅವಳು ಅಂಗಳದ ತುದಿಯವರೆಗೆ ನೋಡಿದಳು. “ಅವಳಿಗೆ ಕೂತಲ್ಲಿ ಕೂರೂಕೆ ಬೇಜಾರು ತಮ್ಮಾ. ಸಣ್ಣಿರುವಾಗಿಂದ ಹಂಗೇ. ಬೇಗ ಮುಗಿಸಿ ಓಡೂಕೆ ಅಂತ ಬೇಗ ಸುಲೀತಿತ್ತು. ಅಬ್ಬೆ ನನಗೆ ಹೊಡೀತಿದ್ದಳು, ನೀ ಯಾಕೆ ಅವಳ ಹಂಗೆ ಮಾಡೂದಿಲ್ಲ ಅಂತ. ನಾ ಮಾಡ್ದೆ. ಮಾಡ್ದೆ, ಮಾಡ್ದೆ, ಆಗಲಿಲ್ಲ. ಆಮೇಲೆ ಬಿಟ್ಟೆ.” ಸ್ವಲ್ಪ ಹೊತ್ತು ಬಿಟ್ಟು, “ಈಗ ಅವಳು ಪಕ್ಕದಲ್ಲಿ ಕೂತ್ರೆ ನನಗೆ ನಿದ್ದೆ ಬರೂದಿಲ್ಲ, ಅಷ್ಟೇ ಲಾಭ” ಎಂದು ನಕ್ಕಳು.

ಆ ವರ್ಷ ಮಾರ್ಚಿನಲ್ಲಿ ಮೊದಲ ಸಲ ಚಾಲಿಗೂ ಕೂತೆ. ಕೆಂಪಿನಲ್ಲಿ ನಲವತ್ತೆಂಟು ಮುಟ್ಟಿದ್ದ ಕೈ, ಇದೇನು ಮಹಾ ಎಂಬ ಧೈರ್ಯ. ಒಣಗಿದ ಸಿಪ್ಪೆ ನಾರಿನ ಗಂಟು. ಕತ್ತಿ ಮೆತ್ತಗೆ ಇಳಿಯುವುದಿಲ್ಲ, ಮೀಟಬೇಕು. ಒಳಗಿನ ಅಡಿಕೆ ಸಿಪ್ಪೆಯಿಂದ ಬಿಟ್ಟುಕೊಂಡು ಗಲಗಲ ಅನ್ನುತ್ತಿರುತ್ತದೆ, ಕೈಗೆ ಆ ಗಟ್ಟಿಯ ಸುಳಿವೇ ಸಿಗುವುದಿಲ್ಲ. ನನ್ನ ಲೆಕ್ಕ ಇಪ್ಪತ್ತಕ್ಕೆ ಇಳಿಯಿತು. ಅಕ್ಕನೂ ಮೊದಲ ದಿನ ಗೊಣಗಿದಳು, ಕೈ ಹೊರಳಲು ಎರಡು ದಿನ ಬೇಕು ಎಂದು. ಎರಡು ದಿನದ ಮೇಲೆ ಸರಿಯೂ ಆದಳು. ತಂಗಿಗೆ ಚಾಲಿಯೂ ಅಷ್ಟೇ, ಕೆಂಪೂ ಅಷ್ಟೇ. ಮೊದಲ ಬುಟ್ಟಿ ಮುಗಿಯುವುದರೊಳಗೆ ಅವಳ ಕೈ ಹೊಸ ದಾರಿ ಹುಡುಕಿಕೊಂಡಿತ್ತು. ಪ್ರತಿಭೆ ಎಂದರೆ ವೇಗ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಮಾಲು ಬದಲಾದಾಗ ಮತ್ತೆ ಮೊದಲಿಂದ ಶುರುಮಾಡುವ ಕಷ್ಟ ಅವಳಿಗೆ ಇಲ್ಲವಲ್ಲ, ನನಗೆ ಹೊಟ್ಟೆಕಿಚ್ಚಾದದ್ದು ಅದಕ್ಕೆ.

ಮೂರನೇ ಸುಗ್ಗಿಗೆ ಊರಿನಲ್ಲಿ ಇನ್ನೊಂದು ಮನೆಗೆ ಸುಲಿಯುವ ಯಂತ್ರ ಬಂತು. ಭಾವ ನೋಡಿ ಬಂದು, ಅದು ತಂಗಿಯನ್ನೂ ಮೀರಿಸುತ್ತದೆ, ಆದರೆ ಆರಿಸಲು ಇಬ್ಬರು ಬೇಕು ಎಂದ. ನಮ್ಮಲ್ಲಿ ಇನ್ನೂ ತರಲಿಲ್ಲ. ಅಪ್ಪಯ್ಯನಿಗೆ ಜಗಲಿಯಲ್ಲಿ ಜನ ಬೇಕು, ಅವನು ಹೇಳುವ ಕಾರಣ ಮಾತ್ರ ಅಡಿಕೆ ಒಡೆಯುತ್ತದೆ ಎಂಬುದು.

ನನ್ನ ಗೆರೆ ಆ ವರ್ಷ ಐವತ್ತೆರಡಕ್ಕೆ ಬಂದು ನಿಂತಿತು. ಡಿಸೆಂಬರ್ ಇಡೀ ಐವತ್ತು, ಐವತ್ತೊಂದು, ಐವತ್ತೆರಡು. ಬೇರೆ ಕತ್ತಿ ತಂದೆ. ಮಣೆ ಎತ್ತರಿಸಿದೆ. ಕೂರುವ ಜಾಗ ಬದಲಿಸಿ ಬೆಳಕು ಎಡಕ್ಕೆ ಬರುವ ಹಾಗೆ ಮಾಡಿದೆ. ಒಮ್ಮೆ ಸ್ವಂತ ಬುದ್ಧಿ ಓಡಿಸಿ ಕತ್ತಿ ಮಸೆದು ಹರಿತ ಹೆಚ್ಚು ಮಾಡಿಕೊಂಡೆ. ಆ ರಾತ್ರಿ ಮತ್ತೆ ಬೇರೆ ಮೊರ. ಸಿಪ್ಪೆಗೆ ಸಾಕಾಗುವಷ್ಟು ಮಾತ್ರ ಹರಿತ ಇರಬೇಕು, ಅತಿ ಹರಿತವಾದರೆ ಗಟ್ಟಿ ಸಿಕ್ಕಿದ್ದು ಕೈಗೆ ಗೊತ್ತಾಗುವುದೇ ಇಲ್ಲ ಎಂದು ಅಕ್ಕ ಕಲ್ಲಿನ ಮೇಲೆ ಎರಡು ಸಲ ಉಲ್ಟಾ ಎಳೆದು ಸರಿಮಾಡಿಕೊಟ್ಟಳು. ಎಪ್ಪತ್ತು ನನಗಿಲ್ಲ ಎಂದು ನಿಧಾನವಾಗಿ ಒಪ್ಪಿಕೊಂಡೆ. ಮೂವತ್ತೆಂಟಕ್ಕೆ ಶುರುಮಾಡಿದವನ ಬೆರಳೋ, ಕೀಲಿಮಣೆಗೆ ಒಗ್ಗಿದ ಬೆರಳೋ, ಅಥವಾ ಏಳು ವರ್ಷಕ್ಕೆ ಶುರುಮಾಡಿದ್ದರೂ ಇಷ್ಟೇ ಇರುತ್ತಿತ್ತೋ, ಹೇಳುವುದು ಹೇಗೆ? ಅಷ್ಟು ಸಲ ಸುಲಿಯದೇ ಇದ್ದಿದ್ದರೆ ನನ್ನ ಅಂಕೆ ಐವತ್ತೆರಡು ಎಂಬುದೂ ಗೊತ್ತಾಗುತ್ತಿರಲಿಲ್ಲ. ಮೂವತ್ತೊಂದಕ್ಕೇ ಬಿಟ್ಟಿದ್ದರೆ ಮೂವತ್ತೊಂದನ್ನೇ ನನ್ನ ಹಣೆಬರಹ ಎಂದು ನಂಬಿಕೊಂಡಿರುತ್ತಿದ್ದೆ.

ಒಂದು ಲಾಭ ಆಯಿತು. ಆ ವರ್ಷದ ಕೊನೆಗೆ ನಾನು ಮಾತಾಡುತ್ತಾ ಸುಲಿಯಬಲ್ಲವನಾದೆ. ಅಂಕೆ ಏರಲಿಲ್ಲ, ಆದರೆ ಭಾವನ ಜೊತೆ ಶನಿವಾರದ ಆಟದ ಬಗ್ಗೆ ಜಗಳ ಮಾಡುವಾಗಲೂ ಇಳಿಯಲಿಲ್ಲ.

ಜನವರಿಯ ಕೊನೆಯ ರಾಶಿಯ ರಾತ್ರಿ, ಚಳಿ ಇತ್ತು, ಜಗಲಿಯಲ್ಲಿ ಐದೇ ಜನ. ಅಭ್ಯಾಸಬಲದಿಂದ ಮೊಬೈಲಿಗೆ ಗಂಟೆ ಇಟ್ಟೆ. ಹೊತ್ತಿಗೆ ಮುಂಚೆ ಯಾರೂ ಚಾ ತರಲಿಲ್ಲ, ನಾಯಿ ಬೊಗಳಲಿಲ್ಲ, ತೊಟ್ಟುಗಳು ಒಂದಾದ ಮೇಲೊಂದು ಬೆರಳಿಗೆ ಬಂದವು. ಗಂಟೆ ಬಾರಿಸಿದಾಗ ಬುಟ್ಟಿ ಮಗುಚಿ ಎಣಿಸಿದೆ. ಐವತ್ತಮೂರು. ಎರಡನೇ ಸಲವೂ ಐವತ್ತಮೂರು. ಮೂರು ವರ್ಷ ಗುಟ್ಟಾಗಿಟ್ಟಿದ್ದ ಲೆಕ್ಕ ಬಾಯಿಂದ ಬಿದ್ದೇಹೋಯಿತು. “ಅಕ್ಕಾ, ಹತ್ತು ನಿಮಿಷಕ್ಕೆ ಐವತ್ತಮೂರು!”

ಅಕ್ಕ ತನ್ನ ಕತ್ತಿ ಬಿಟ್ಟು ಬಗ್ಗಿದಳು. ನನ್ನ ಅಡಿಕೆಯನ್ನು ಅಂಗೈಯಲ್ಲಿ ಹರಡಿ, ಬಲ್ಬಿನ ಕಡೆ ತಿರುಗಿಸಿ, ಒಂದನ್ನು ತೆಗೆದು ಪಕ್ಕಕ್ಕಿಟ್ಟಳು. ಇನ್ನಷ್ಟು ಹೊರಳಿಸಿ ಇನ್ನೊಂದನ್ನು ತೆಗೆದಳು. ಎರಡಕ್ಕೂ ಕತ್ತಿ ತಾಗಿತ್ತು, ಉಗುರಿನಷ್ಟು.

“ಐವತ್ತೊಂದು” ಎಂದಳು.